ಬಿಸಿಯೇರುವ ಕಡಲು, ಕಲುಷಿತ ನೀರು: ಪ್ರಾಣಿಪ್ಲವಕಗಳ ಆಹಾರಸೇವನೆಯ ಮೇಲಿನ ಪರಿಣಾಮ

ಪ್ರವಾಹಕ್ಕೆ ಎದುರಾಗಿ ಈಜಲಾರದೆ ನೀರಿನೊಡನೆ ತೇಲಿ ಸಾಗುವ ಪ್ರಾಣಿಗಳಿಗೆಲ್ಲ ಪ್ರಾಣಿಪ್ಲವಕ ಎಂಬ ಒಂದೇ ಹೆಸರು. ಏಕಕೋಶದ ಸಿಲಿಯೇಟುಗಳು, ಸಿಗಡಿ ಮತ್ತು ಏಡಿಯ ಮರಿಗಳು, ಸಾಲ್ಪ್‌ಗಳು, ಜೆಲ್ಲಿಮೀನುಗಳು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಆದರೆ ಪ್ಲವಕದ ಬಲೆಯನ್ನು ಎಲ್ಲಿ ಎಳೆದರೂ ಹೆಚ್ಚಾಗಿ ಸಿಗುವುದು ಕೋಪೆಪಾಡ್‌ಗಳು. ಇವು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರಿಗೆ ಮೀರದ ಕವಚಧಾರಿ ಜೀವಿಗಳು. ಸಸ್ಯಪ್ಲವಕಗಳು ಬಿಸಿಲಿನಿಂದ ಕಟ್ಟಿದ ಇಂಗಾಲದ ದೊಡ್ಡ ಪಾಲು ಮೀನಿನ ಮೈ ಸೇರುವುದು ಇವುಗಳ ಬಾಯಿಯ ಮೂಲಕ. ಕಡಲಿನ ತಾಪ ಏರುವುದು ಮತ್ತು ನೀರು ಕಲುಷಿತಗೊಳ್ಳುವುದು ಎರಡು ಬೇರೆ ಸಮಸ್ಯೆಗಳೆಂಬಂತೆ ಅಧ್ಯಯನಗಳು ನಡೆದುಬಂದಿವೆ. ಕೋಪೆಪಾಡ್‌ನ ಮಟ್ಟದಲ್ಲಿ ಮಾತ್ರ ಅವೆರಡೂ ಒಂದೇ ಜಾಗದಲ್ಲಿ, ಎಂದರೆ ಆಹಾರದ ಆಯವ್ಯಯದಲ್ಲಿ, ಸೇರುತ್ತವೆ. ಪ್ರಾಣಿ ಎಷ್ಟು ತಿಂದಿತು ಎಂಬುದಕ್ಕಿಂತ ತಿಂದದ್ದರಲ್ಲಿ ಬದುಕಿನ ಖರ್ಚು ಕಳೆದು ಎಷ್ಟು ಉಳಿಯಿತು ಎಂಬುದೇ ಹಾನಿಯ ಸರಿಯಾದ ಅಳತೆ ಎಂಬುದು ಈ ಲೇಖನದ ನಿಲುವು.

ಕೋಪೆಪಾಡ್ ತಿನ್ನುವ ಬಗೆಯ ಕುರಿತು ಬಹುಕಾಲ ಇದ್ದ ತಿಳಿವಳಿಕೆ ಸರಳವಾಗಿತ್ತು: ಬಾಯಿಯ ಬಳಿಯ ರೋಮಭರಿತ ಉಪಾಂಗಗಳು ಜರಡಿಯಂತೆ ನೀರನ್ನು ಸೋಸುತ್ತವೆ, ಉಳಿದದ್ದು ಹೊಟ್ಟೆಗೆ ಹೋಗುತ್ತದೆ. 1981ರಲ್ಲಿ ಕೋಲ್ ಮತ್ತು ಸ್ಟ್ರಿಕ್ಲರ್ ಅತಿವೇಗದ ಚಲನಚಿತ್ರಗಳ ನೆರವಿನಿಂದ ಈ ಚಿತ್ರವನ್ನು ಬದಲಿಸಿದರು. ಅಷ್ಟು ಚಿಕ್ಕ ದೇಹಕ್ಕೆ ನೀರು ಜೋನಿಬೆಲ್ಲದ ಹಾಗೆ ಮಂದವಾಗಿರುತ್ತದೆ. ರೋಮಗಳ ನಡುವಿನಿಂದ ಅದು ಸುಲಭವಾಗಿ ಹಾಯುವುದಿಲ್ಲ. ಪ್ರಾಣಿ ಉಪಾಂಗಗಳನ್ನು ಬೀಸಿ ಒಂದು ಕಿರುಪ್ರವಾಹವನ್ನು ಎಬ್ಬಿಸುತ್ತದೆ. ಅದರಲ್ಲಿ ತೇಲಿಬರುವ ಕಣದ ವಾಸನೆಯನ್ನು ಮೊದಲೇ ಗ್ರಹಿಸಿ, ಆ ಕಣವಿರುವ ನೀರಿನ ತುಣುಕನ್ನೇ ಹಿಡಿದು, ನೀರನ್ನು ಹಿಂಡಿ ಹೊರಹಾಕುತ್ತದೆ. ಬಾಯಿಯ ಬಳಿ ಬಂದ ಕಣವನ್ನು ರುಚಿ ನೋಡಿ ಬಿಟ್ಟುಬಿಡುವುದೂ ಉಂಟು. ಹೀಗೆ ಆಹಾರಸೇವನೆ ಎಂಬುದು ವಾಸನೆ, ಸ್ಪರ್ಶ, ರುಚಿಗಳ ಸರಣಿ ನಿರ್ಧಾರ. ಮಾಲಿನ್ಯ ಈ ಸರಣಿಯ ಯಾವ ಹಂತವನ್ನಾದರೂ ಕೆಡಿಸಬಹುದು.

ಎಲ್ಲ ಪ್ರಭೇದಗಳೂ ಹೀಗೆಯೇ ತಿನ್ನುವುದಿಲ್ಲ. ಓಯ್ತೋನಾ ಕುಲದ ಸಣ್ಣ ಕೋಪೆಪಾಡ್‌ಗಳು ಕದಲದೆ ಹೊಂಚುಹಾಕಿ, ಬೇಟೆ ಅಲುಗಾಡಿದಾಗ ನೀರಿನಲ್ಲೇಳುವ ಕಂಪನವನ್ನು ಅರಿತು ಎರಗುತ್ತವೆ. ಅಕಾರ್ಷಿಯಾದಂಥವು ಆಹಾರಕ್ಕೆ ತಕ್ಕಂತೆ ಎರಡೂ ವಿಧಾನಗಳನ್ನು ಬಳಸುತ್ತವೆ. ಸಾಲ್ಪ್‌ಗಳು ಮತ್ತು ಲಾರ್ವೇಸಿಯನ್‌ಗಳು ಲೋಳೆಯ ಬಲೆಯಿಂದ ನೀರನ್ನು ನಿಜವಾಗಿಯೇ ಸೋಸುತ್ತವೆ. ಅವುಗಳಿಗೆ ಆಯ್ಕೆಯ ಸಾಮರ್ಥ್ಯ ಕಡಿಮೆ. ಮುಂದಿನ ಚರ್ಚೆಯಲ್ಲಿ ಈ ವ್ಯತ್ಯಾಸಕ್ಕೆ ಮಹತ್ವವಿದೆ.

ತಾಪದ ಪರಿಣಾಮ ಮೊದಲು ಚಯಾಪಚಯದಲ್ಲಿ ಕಾಣುತ್ತದೆ. ಶೀತರಕ್ತ ಪ್ರಾಣಿಗಳಲ್ಲಿ ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಎರಡು ಪಟ್ಟು ಎಂದೇ ಹಿಡಿದರೂ 2 ಡಿಗ್ರಿ ಏರಿಕೆಗೆ ಖರ್ಚು ಶೇ. 15ರಷ್ಟು ಹೆಚ್ಚುತ್ತದೆ. ತಿನ್ನುವ ವೇಗವೂ ತಾಪದೊಡನೆ ಏರುತ್ತದೆ. ಬೆಚ್ಚಗಿನ ನೀರಿನ ಸ್ನಿಗ್ಧತೆ ತುಸು ತಗ್ಗುವುದರಿಂದ ಉಪಾಂಗಗಳ ಬೀಸುವಿಕೆ ಹಗುರಾಗುತ್ತದೆ ಕೂಡ. ಆದರೆ ತಿನ್ನುವ ವೇಗ ಆಯಾ ಪ್ರಭೇದಕ್ಕೆ ಹಿತವಾದ ತಾಪವನ್ನು ದಾಟಿದೊಡನೆ ಕುಸಿಯುತ್ತದೆ, ಉಸಿರಾಟ ಮಾತ್ರ ಇನ್ನೂ ಏರುತ್ತಲೇ ಇರುತ್ತದೆ. ಉಷ್ಣವಲಯದ ಪ್ರಭೇದಗಳು ಈಗಾಗಲೇ ತಮ್ಮ ಮೇಲ್ಮಿತಿಯ ಸಮೀಪದಲ್ಲಿ ಬದುಕುವುದರಿಂದ ಅವುಗಳಿಗಿರುವ ಅಂತರ ಕಿರಿದು.

ತಾಪದ ಏರಿಕೆಯ ಪರೋಕ್ಷ ಪರಿಣಾಮಗಳು ನೇರ ಪರಿಣಾಮಕ್ಕಿಂತ ದೊಡ್ಡವಿರಬಹುದು. ಮೇಲ್ಪದರ ಬಿಸಿಯಾದಂತೆ ಕೆಳಗಿನ ತಣ್ಣೀರಿನೊಡನೆ ಬೆರೆಯುವುದು ಕಡಿಮೆಯಾಗಿ, ನೈಟ್ರೇಟ್ ಮೇಲಕ್ಕೆ ಬರುವುದಿಲ್ಲ. ಆಗ ಡಯಾಟಮ್‌ಗಳೆಂಬ ದೊಡ್ಡ ಸಸ್ಯಪ್ಲವಕಗಳ ಜಾಗಕ್ಕೆ ಅತಿಸಣ್ಣ ಕೋಶಗಳು ಬರುತ್ತವೆ. ಸುಮಾರು 5 ಮೈಕ್ರೋಮೀಟರಿಗಿಂತ ಚಿಕ್ಕ ಕೋಶಗಳನ್ನು ಹಿಡಿಯುವುದು ಹೆಚ್ಚಿನ ಕೋಪೆಪಾಡ್‌ಗಳಿಗೆ ಕಷ್ಟ. ಅವನ್ನು ಸಿಲಿಯೇಟುಗಳು ತಿಂದು, ಸಿಲಿಯೇಟುಗಳನ್ನು ಕೋಪೆಪಾಡ್ ತಿನ್ನಬೇಕು. ನಡುವೆ ಬಂದ ಈ ಒಂದು ಮೆಟ್ಟಿಲಿನಲ್ಲೇ ಇಂಗಾಲದ ಮೂರರಲ್ಲಿ ಎರಡು ಪಾಲಿನಷ್ಟು ಉಸಿರಾಟ ಮತ್ತು ವಿಸರ್ಜನೆಯಲ್ಲಿ ಹೋಗಿಬಿಡುತ್ತದೆ. ಮೊಟ್ಟೆ ಕಟ್ಟಲು ಬೇಕಾದ ದೀರ್ಘಸರಪಳಿಯ ಒಮೆಗಾ-3 ಕೊಬ್ಬಿನಾಮ್ಲಗಳೂ ಡಯಾಟಮ್ ಕಡಿಮೆಯಾದ ನೀರಿನಲ್ಲಿ ವಿರಳ.

ಪ್ಲವಕ ಸಮುದಾಯದ ಸ್ಥಾನಪಲ್ಲಟಕ್ಕೆ ಅತ್ಯಂತ ಗಟ್ಟಿಯಾದ ಪುರಾವೆ ಉತ್ತರ ಅಟ್ಲಾಂಟಿಕ್‌ನದು. ಆಲಿಸ್ಟರ್ ಹಾರ್ಡಿ ರೂಪಿಸಿದ, ಹಡಗುಗಳ ಹಿಂದೆ ಎಳೆಯುವ ಪ್ಲವಕ ದಾಖಲೆಯಂತ್ರದ ಸಮೀಕ್ಷೆ 1931ರಿಂದ ಅಲ್ಲಿ ನಡೆದುಬಂದಿದೆ. ಬೆಚ್ಚಗಿನ ನೀರಿನ ಕೋಪೆಪಾಡ್‌ಗಳು ನಾಲ್ಕು ದಶಕಗಳಲ್ಲಿ ಸುಮಾರು 10 ಅಕ್ಷಾಂಶದಷ್ಟು ಉತ್ತರಕ್ಕೆ ಸರಿದಿವೆ ಎಂದು 2002ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಅರಬ್ಬೀ ಸಮುದ್ರಕ್ಕೆ ಅಂಥ ಎಡೆಬಿಡದ ದಾಖಲೆಯಿಲ್ಲ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ ಮತ್ತು 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಯಾನಗಳು ಕೊಡುವುದು ಬಿಡಿಬಿಡಿಯಾದ ಚಿತ್ರಗಳನ್ನು.

ಆ ಚಿತ್ರಗಳೇ ಸಾಕಷ್ಟು ಹೇಳುತ್ತವೆ. ಅರಬ್ಬೀ ಸಮುದ್ರದ ಮೇಲ್ಪದರದಲ್ಲಿ ಸಸ್ಯಪ್ಲವಕದ ಉತ್ಪಾದನೆ ಋತುವಿಗೆ ತಕ್ಕಂತೆ ಏರಿಳಿದರೂ ಪ್ರಾಣಿಪ್ಲವಕದ ಪ್ರಮಾಣ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಎಂ. ಮಧುಪ್ರತಾಪ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಬರಗಾಲದಂಥ ತಿಂಗಳುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಸಿಲಿಯೇಟುಗಳ ಸರಪಳಿ ಇವನ್ನು ಪೋಷಿಸುತ್ತದೆ ಎಂಬುದು ಅವರ ವಿವರಣೆ. ಎಂದರೆ ಇಲ್ಲಿನ ಪ್ರಾಣಿಗಳು ಅಡ್ಡದಾರಿಯ ಆಹಾರಕ್ಕೆ ಒಗ್ಗಿಕೊಂಡಿವೆ. ಇದನ್ನು ತಾಪಕ್ಕೆ ತಡೆಯೆಂದು ಓದುವವರಿದ್ದಾರೆ. ಆ ಓದು ಅತಿ ಆಶಾದಾಯಕ, ಏಕೆಂದರೆ ಅಡ್ಡದಾರಿಯ ಆಹಾರದಲ್ಲಿ ಉಳಿತಾಯ ಕಡಿಮೆ.

ಉತ್ತರ ಅರಬ್ಬೀ ಸಮುದ್ರದ ಚಳಿಗಾಲದಲ್ಲಿ ಇನ್ನೊಂದು ಬದಲಾವಣೆಯಾಗಿದೆ. ಒಂದು ಕಾಲಕ್ಕೆ ಡಯಾಟಮ್‌ಗಳು ಹಬ್ಬುತ್ತಿದ್ದ ನೀರಿನಲ್ಲಿ ಈ ಶತಮಾನದ ಆರಂಭದಿಂದ ಹಸಿರು ನಾಕ್ಟಿಲೂಕ ಹಬ್ಬುತ್ತಿದೆ. ತನ್ನೊಳಗೆ ಹಸಿರು ಪಾಚಿಕೋಶಗಳನ್ನು ಸಾಕಿಕೊಂಡು, ಹೊರಗಿನದನ್ನೂ ತಿಂದು ಬದುಕುವ ಜೀವಿ ಇದು. ಆಮ್ಲಜನಕ ಕಡಿಮೆಯಾದ ನೀರು ಮೇಲಕ್ಕೆ ಬರುತ್ತಿರುವುದು ಕಾರಣವೆಂದು 2014ರ ಅಧ್ಯಯನವೊಂದು ಹೇಳಿತು, ಭಾರತೀಯ ವಿಜ್ಞಾನಿಗಳಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ. ಹಿಮಾಲಯದ ಹಿಮ ಕರಗಿ ಚಳಿಗಾಲದ ಒಣಗಾಳಿ ದುರ್ಬಲವಾದದ್ದರಿಂದ ನೀರಿನ ಬೆರೆಕೆ ಕುಗ್ಗಿತೆಂಬುದು ಆಮೇಲೆ ಬಂದ ವಾದ. ಕಾರಣ ಯಾವುದಾದರೂ ಇರಲಿ, ಕೋಪೆಪಾಡ್‌ನ ಬಾಯಿಗೆ ನಾಕ್ಟಿಲೂಕ ತೀರ ದೊಡ್ಡ ತುತ್ತು. ಕೆಲವು ಕಡೆ ಅದೇ ಕೋಪೆಪಾಡ್‌ನ ಮೊಟ್ಟೆಗಳನ್ನು ನುಂಗುವುದು ಕಂಡುಬಂದಿದೆ. ಅದನ್ನು ತಿನ್ನಬಲ್ಲವು ಸಾಲ್ಪ್‌ಗಳು. ಸಾಲ್ಪ್‌ಗಳನ್ನು ಆಹಾರವಾಗಿ ನಂಬುವ ಮೀನುಗಳು ಕಡಿಮೆ.

ಮಾಲಿನ್ಯದ ಬಗೆಗಳಲ್ಲಿ ಈಚೆಗೆ ಹೆಚ್ಚು ಪ್ರಯೋಗಕ್ಕೊಳಗಾದದ್ದು ಮೈಕ್ರೋಪ್ಲಾಸ್ಟಿಕ್. ಬ್ರಿಟನ್ನಿನ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2013ರಲ್ಲಿ ಪರೀಕ್ಷಿಸಿದ 15 ಬಗೆಯ ಪ್ರಾಣಿಪ್ಲವಕಗಳಲ್ಲಿ 13 ಪಾಲಿಸ್ಟೈರೀನ್ ಮಣಿಗಳನ್ನು ನುಂಗಿದವು. 2015ರ ಅವರ ಪ್ರಯೋಗ ಇನ್ನೂ ಅರ್ಥಪೂರ್ಣ. ಕ್ಯಾಲನಸ್ ಹೆಲ್ಗೋಲ್ಯಾಂಡಿಕಸ್ ಎಂಬ ಕೋಪೆಪಾಡ್‌ಗೆ ಆಹಾರದ ಜತೆ ಮಿಲಿಲೀಟರಿಗೆ 75ರಂತೆ 20 ಮೈಕ್ರೋಮೀಟರಿನ ಮಣಿಗಳನ್ನು ಕೊಟ್ಟಾಗ, ಅದು ತಿಂದ ಪಾಚಿಕೋಶಗಳ ಸಂಖ್ಯೆ ಇಳಿದದ್ದು ಶೇ. 11 ಮಾತ್ರ, ಆದರೆ ಒಳಗೆ ಹೋದ ಇಂಗಾಲ ಶೇ. 40ರಷ್ಟು ಇಳಿಯಿತು. ಮಣಿಗಳ ಗಾತ್ರದ ದೊಡ್ಡ ಕೋಶಗಳನ್ನು ಪ್ರಾಣಿ ಬಿಟ್ಟು ಸಣ್ಣವನ್ನು ಆಯ್ದುಕೊಂಡದ್ದು ಇದಕ್ಕೆ ಕಾರಣ. ಕೋಶಗಳನ್ನಷ್ಟೇ ಎಣಿಸಿದ್ದರೆ ಹಾನಿ ಅಲ್ಪವೆಂದೇ ದಾಖಲಾಗುತ್ತಿತ್ತು. ದಿನಗಳು ಕಳೆದಂತೆ ಮೊಟ್ಟೆಗಳು ಚಿಕ್ಕವಾದವು, ಮರಿಯಾಗುವ ಪ್ರಮಾಣ ತಗ್ಗಿತು.

ಕೋಪೆಪಾಡ್‌ಗಳು ಪ್ಲಾಸ್ಟಿಕ್ಕಿಗೆ ಸುಲಭವಾಗಿ ಮೋಸಹೋಗುವುದಿಲ್ಲ ಎಂಬುದಕ್ಕೂ ಪುರಾವೆಯಿದೆ. ಬಾಯಿಯ ಬಳಿ ಬಂದ ಪ್ಲಾಸ್ಟಿಕ್ ಕಣಗಳಲ್ಲಿ ಹೆಚ್ಚಿನವನ್ನು ಅವು ರುಚಿ ನೋಡಿ ಹೊರಗೆಸೆಯುವುದು ವಿಡಿಯೊ ಚಿತ್ರಣದಲ್ಲಿ ಕಂಡಿದೆ. ಆದರೆ ಹೊಸ ಮಣಿಗೆ ವಾಸನೆಯಿಲ್ಲ. ಕಡಲಲ್ಲಿ ಕಾಲ ಕಳೆದ ತುಣುಕಿನ ಮೇಲೆ ಜೀವಪದರ ಬೆಳೆದಿರುತ್ತದೆ. ಪಾಚಿಗಳು ಹೊರಸೂಸುವ ಡೈಮೀಥೈಲ್ ಸಲ್ಫೈಡನ್ನು ಹೀರಿಕೊಂಡ ನೈಲಾನ್ ಎಳೆಗಳನ್ನು ಇದೇ ಕ್ಯಾಲನಸ್ ಹೆಚ್ಚಾಗಿ ತಿಂದದ್ದು ಬೇರೊಂದು ಪ್ರಯೋಗದ ಫಲಿತಾಂಶ. ತಾನಾಗಿ ಅಲುಗಾಡದ ಪ್ಲಾಸ್ಟಿಕ್ ಹೊಂಚುಬೇಟೆಯ ಓಯ್ತೋನಾಗೆ ಆಹಾರವಾಗಿ ಕಾಣುವ ಸಂಭವ ಕಡಿಮೆ. ಎಲ್ಲವನ್ನೂ ಸೋಸುವ ಸಾಲ್ಪ್‌ಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ತಾಪ ಯಾವ ಗುಂಪನ್ನು ಬೆಳೆಸುತ್ತದೆ ಎಂಬುದರ ಮೇಲೆ ಪ್ಲಾಸ್ಟಿಕ್ ಆಹಾರಸರಪಳಿಗೆ ಎಷ್ಟು ನುಗ್ಗುತ್ತದೆ ಎಂಬುದು ನಿಲ್ಲುತ್ತದೆ. ಎರಡು ಒತ್ತಡಗಳ ನಡುವಿನ ಈ ಕೊಂಡಿ ಪ್ರಯೋಗಾಲಯದ ಸೀಸೆಯೊಳಗೆ ಸಿಗುವಂಥದ್ದಲ್ಲ.

ತೈಲ ಮತ್ತು ಲೋಹಗಳ ವಿಷಯ ಹಳೆಯದು. 1970ರಲ್ಲಿ ಕೆನಡಾದ ನೋವಾ ಸ್ಕೋಷಿಯ ತೀರದಲ್ಲಿ ಆ್ಯರೋ ಎಂಬ ತೈಲಹಡಗು ಒಡೆದಾಗ, ಕೋಪೆಪಾಡ್‌ಗಳು ತೈಲದ ಹನಿಗಳನ್ನು ನುಂಗಿ ಹಿಕ್ಕೆಯಲ್ಲಿ ಹೊರಹಾಕುವುದು ದಾಖಲಾಯಿತು. ತೈಲದ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳು ಮಂಪರು ತರಿಸಿ ಉಪಾಂಗಗಳ ಚಲನೆಯನ್ನು ನಿಧಾನಗೊಳಿಸುತ್ತವೆ. ತಾಮ್ರ ಗ್ರಹಣೇಂದ್ರಿಯಗಳನ್ನೇ ಕೆಡಿಸಬಲ್ಲದು.

ಆಮ್ಲಜನಕದ ಕೊರತೆ ತಾಪ ಮತ್ತು ಮಾಲಿನ್ಯ ಎರಡಕ್ಕೂ ಸೇರಿದ್ದು. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ಬಹಳ ಕಡಿಮೆ. ಪ್ಲೂರೊಮ್ಯಾಮ್ಮಾ ಇಂಡಿಕಾದಂಥ ಕೆಲವು ಪ್ರಭೇದಗಳು ಹಗಲನ್ನು ಆ ಪದರದಲ್ಲಿ ಕಳೆದು ರಾತ್ರಿ ಮೇಲೆ ಬಂದು ತಿನ್ನುತ್ತವೆ. ಹೆಚ್ಚಿನವಕ್ಕೆ ಅದು ನೆಲದಂತೆ ಅಡ್ಡ. ಮುಂಗಾರಿನ ಕಾಲದಲ್ಲಿ ಕರ್ನಾಟಕ ಕರಾವಳಿ ಸೇರಿದಂತೆ ಪಶ್ಚಿಮ ತೀರದ ಖಂಡಾವರಣದ ಮೇಲಕ್ಕೂ ಇಂಥ ನೀರು ಏರಿಬರುತ್ತದೆ. ಭೂಮಿಯಿಂದ ಹರಿದುಬರುವ ಗೊಬ್ಬರ, ಒಳಚರಂಡಿ ನೀರು ಅದನ್ನು ಇನ್ನಷ್ಟು ಹದಗೆಡಿಸುತ್ತವೆ ಎಂದು 2000ದಲ್ಲಿ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು ಎಚ್ಚರಿಸಿದರು. ಬಿಸಿನೀರು ಪ್ರಾಣಿಯ ಆಮ್ಲಜನಕದ ಬೇಡಿಕೆಯನ್ನು ಏರಿಸುತ್ತದೆ, ತಾನೇ ಹಿಡಿದಿಡುವ ಆಮ್ಲಜನಕವನ್ನು ಇಳಿಸುತ್ತದೆ. ಇಂಥ ನೀರಿನಲ್ಲಿ ಕೋಪೆಪಾಡ್ ಮೊದಲು ಬಿಡುವುದು ತಿನ್ನುವುದನ್ನೇ.

ಇವೆಲ್ಲ ಒಟ್ಟಾದಾಗ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಪ್ರಾಣಿಯೊಂದು 100 ಪಾಲು ಇಂಗಾಲ ತಿಂದು 70 ಪಾಲನ್ನು ಅರಗಿಸಿಕೊಂಡು, ಉಸಿರಾಟಕ್ಕೆ 40 ಖರ್ಚುಮಾಡಿದರೆ ಬೆಳವಣಿಗೆ ಮತ್ತು ಮೊಟ್ಟೆಗೆ 30 ಉಳಿಯುತ್ತದೆ. 2 ಡಿಗ್ರಿ ಏರಿಕೆಯಿಂದ ಉಸಿರಾಟ 46ಕ್ಕೆ ಏರಿ, ತಿಂದದ್ದು ಅಷ್ಟೇ ಇದ್ದರೆ ಉಳಿಯುವುದು 24. ಜತೆಗೆ ಮಾಲಿನ್ಯದಿಂದ ಸೇವನೆ ಶೇ. 10 ಇಳಿದರೆ ಅರಗುವುದು 63, ಉಳಿಯುವುದು 17. ಖರ್ಚಿನಲ್ಲಿ ಶೇ. 15, ಆದಾಯದಲ್ಲಿ ಶೇ. 10 ವ್ಯತ್ಯಾಸವಾದದ್ದಕ್ಕೆ ಉಳಿತಾಯದಲ್ಲಿ ಶೇ. 43ರಷ್ಟು ನಷ್ಟ. ಆಹಾರ ಹೇರಳವಾಗಿದ್ದು ಸೇವನೆಯೂ ಶೇ. 15 ಏರಿದರೆ ಫಲಿತಾಂಶ ತಿರುಗಿಬಿಡುತ್ತದೆ: ಮಾಲಿನ್ಯವಿಲ್ಲದ ನೀರಿನಲ್ಲಿ 34.5 ಉಳಿಯುತ್ತದೆ. ತಾಪ ಒಳಿತೋ ಕೆಡುಕೋ ಎಂಬ ಬಗ್ಗೆ ಪ್ರಯೋಗಗಳು ಪರಸ್ಪರ ವಿರುದ್ಧ ಉತ್ತರ ಕೊಟ್ಟಿರುವುದಕ್ಕೆ ಸೀಸೆಯಲ್ಲಿ ಸುರಿದ ಆಹಾರದ ಪ್ರಮಾಣವೂ ಒಂದು ಕಾರಣ. ಬಿ. ಡಬ್ಲ್ಯು. ಫ್ರಾಸ್ಟ್ 1972ರಲ್ಲೇ ತೋರಿಸಿದಂತೆ ಆಹಾರದ ಸಾಂದ್ರತೆ ಒಂದು ಮಟ್ಟ ಮುಟ್ಟುವವರೆಗೆ ಸೇವನೆ ಏರುತ್ತದೆ, ಬಳಿಕ ಏರಿಕೆ ನಿಲ್ಲುತ್ತದೆ. ಪ್ರಯೋಗಾಲಯ ಆ ಮಟ್ಟದ ಮೇಲಿರುತ್ತದೆ, ತೆರೆದ ಕಡಲು ಬಹಳಷ್ಟು ಕಾಲ ಕೆಳಗಿರುತ್ತದೆ.

ಪ್ಲಾಸ್ಟಿಕ್ಕಿನ ಪ್ರಮಾಣದಲ್ಲೂ ಇದೇ ತೊಡಕಿದೆ. ಮಿಲಿಲೀಟರಿಗೆ 75 ಮಣಿ ಎಂದರೆ ಘನಮೀಟರಿಗೆ 7.5 ಕೋಟಿ. ನೇತ್ರಾವತಿ ನದಿಯ ನೀರಿನಲ್ಲಿ ದಾಖಲಾದ ಸರಾಸರಿ ಘನಮೀಟರಿಗೆ ಸುಮಾರು 288 ತುಣುಕು. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ಅಪಾಯವೇ ಇಲ್ಲವೆಂದು ಹೇಳುವುದು ಮಾತ್ರ ಸರಿಯಲ್ಲ. ಬಲೆ ಹಾಗೂ ಜರಡಿಗಳ ಕಣ್ಣಿನಿಂದ ಜಾರಿಹೋಗುವ ಗಾತ್ರದ ತುಣುಕುಗಳೇ ಕೋಪೆಪಾಡ್ ತಿನ್ನಬಲ್ಲವು. ಅವುಗಳ ಎಣಿಕೆ ಇಂಥ ಸಮೀಕ್ಷೆಗಳಲ್ಲಿ ಬರುವುದಿಲ್ಲ. ಪ್ರಯೋಗಕ್ಕೆ ಒಳಗಾದವು ಕೂಡ ಹೆಚ್ಚಾಗಿ ತಣ್ಣೀರಿನ ಪ್ರಭೇದಗಳು ಮತ್ತು ದುಂಡು ಮಣಿಗಳು. ಬೆಚ್ಚಗಿನ ನೀರಿನ ಪ್ಯಾರಾಕ್ಯಾಲನಸ್, ಬಲೆ-ಹಗ್ಗಗಳಿಂದ ಉದುರುವ ಎಳೆಗಳು ಕಡಿಮೆ.

ಸೇವನೆಯಲ್ಲಾದ ಬದಲಾವಣೆ ಎರಡು ದಿಕ್ಕಿಗೆ ಸಾಗುತ್ತದೆ. ಕೆಳಮುಖವಾಗಿ, ಹಿಕ್ಕೆಯ ಉಂಡೆಗಳು ಇಂಗಾಲವನ್ನು ಆಳಕ್ಕೆ ಒಯ್ಯುತ್ತವೆ. ಪಾಲಿಸ್ಟೈರೀನ್ ತುಂಬಿದ ಉಂಡೆಗಳು ಮುಳುಗುವ ವೇಗ ಎರಡು ಪಟ್ಟಿಗೂ ಮಿಕ್ಕಿ ತಗ್ಗಿದ್ದನ್ನು 2016ರ ಪ್ರಯೋಗ ತೋರಿಸಿದೆ. ನಿಧಾನವಾಗಿ ಮುಳುಗುವ ಉಂಡೆ ದಾರಿಯಲ್ಲೇ ಕರಗಿ, ಅದರ ಇಂಗಾಲ ಮೇಲ್ಪದರದಲ್ಲೇ ಉಳಿಯುತ್ತದೆ. ಮೇಲ್ಮುಖವಾಗಿ ಅದು ಮೀನನ್ನು ಮುಟ್ಟುತ್ತದೆ. ಬೆಳೆದ ಬಂಗುಡೆಗೆ ಕೋಪೆಪಾಡ್ ಮುಖ್ಯ ಆಹಾರ. ಬೂತಾಯಿ ಡಯಾಟಮ್‌ಗಳ ಜತೆ ಅದನ್ನೂ ತಿನ್ನುತ್ತದೆ. ಇವುಗಳ ಮರಿಗಳು ಮೊಟ್ಟೆಯ ಹಳದಿ ಮುಗಿದ ಮೇಲೆ ನೆಚ್ಚಿಕೊಳ್ಳುವ ಮೊದಲ ಆಹಾರಗಳಲ್ಲಿ ಕೋಪೆಪಾಡ್‌ನ ನಾಪ್ಲಿಯಸ್ ಮರಿಗಳು ಮುಖ್ಯ. ತಾಯಿ ಕೋಪೆಪಾಡ್‌ನ ಉಳಿತಾಯ ಇಳಿದಾಗ ಮೊದಲು ಕಡಿಮೆಯಾಗುವುದು ಆ ನಾಪ್ಲಿಯಸ್‌ಗಳ ಸಂಖ್ಯೆ, ದೊಡ್ಡ ಕೋಪೆಪಾಡ್‌ಗಳದ್ದಲ್ಲ. ಬಲೆಗೆ ಸಿಕ್ಕ ಪ್ಲವಕದ ಒಟ್ಟು ತೂಕವನ್ನಷ್ಟೇ ನೋಡುವ ಸಮೀಕ್ಷೆಗೆ ಈ ಇಳಿಕೆ ಕಾಣುವುದು ಒಂದು ತಲೆಮಾರು ಕಳೆದ ಮೇಲೆ. ಹೆಣ್ಣೊಂದು ದಿನಕ್ಕಿಡುವ ಮೊಟ್ಟೆಗಳನ್ನು ಎಣಿಸಿದರೆ ಅದೇ ವಾರದಲ್ಲಿ ಗೊತ್ತಾಗುತ್ತದೆ.