ಜಾಡಿ ಬಾಯಿಗೆ ಬಟ್ಟೆ, ಬಾಟಲಿ ಮುಚ್ಚಳಕ್ಕೆ ಕಾಗದ

ಮದ್ದೂರು, ಮಳವಳ್ಳಿ ಕಡೆ ಅಟ್ಟದ ಮೇಲಿರುತ್ತಿದ್ದ ಪಿಂಗಾಣಿ ಜಾಡಿ ನೆನಪಿದೆಯಾ? ಉಪ್ಪಿನಕಾಯಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಬಿಗಿದು ದಾರ ಸುತ್ತುತ್ತಿದ್ದರು. ಅದು ಅಲಂಕಾರಕ್ಕಲ್ಲ, ಧೂಳು, ನೊಣ ತಡೆಯಲು. ಒದ್ದೆ ಕೈ ಸೋಕಿದರೆ ಬೂಸ್ಟು ಹಿಡಿಯುತ್ತದೆಂದು ನಮ್ಮಜ್ಜಿ ಆ ಗಂಟು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ.

ಆಮೇಲೆ ಖಾಲಿ ಹಾರ್ಲಿಕ್ಸ್ ಬಾಟಲಿಗಳು ಬಂದವು. ಗಾಜಿಗೆ ಏನೂ ಆಗದು. ತಗಡಿನ ಮುಚ್ಚಳ ಮಾತ್ರ ಉಪ್ಪು, ಹುಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಮುಚ್ಚಳದೊಳಗೆ ಕಾಗದ ಇಡುತ್ತಿದ್ದರು.

2000-01ರಲ್ಲಿ ರಾಜ್ಯದಲ್ಲಿ ಸ್ತ್ರೀ ಶಕ್ತಿ ಸಂಘಗಳು ಶುರುವಾದವು. ಸಂಘದವರು ಮಾರುವ ಬಾಟಲಿಗಳಲ್ಲಿ ಕಾಗದ ಮುಚ್ಚಳದ ಮೇಲೇರಿದ್ದನ್ನು ನೋಡಿದ್ದೇನೆ: ಎರಡು ಬೆರಳು ಅಗಲ ಬಿಟ್ಟು ದುಂಡಗೆ ಕತ್ತರಿಸಿದ ಬಣ್ಣದ ಹಾಳೆ, ನೆರಿಗೆ, ರಬ್ಬರ್ ಬ್ಯಾಂಡ್. ಚೆಂದವೇ. ಆದರೆ ಆಹಾರ ಸುರಕ್ಷತಾ ನಿಯಮದಂತೆ ತಯಾರಿಸಿದ ದಿನಾಂಕ, ನೋಂದಣಿ ಸಂಖ್ಯೆ ಕಾಣಬೇಕು. ಕೊಳ್ಳುವಾಗ ನೆರಿಗೆ ಎತ್ತಿ ನೋಡಿ, ಮುಚ್ಚಳದ ಅಂಚಲ್ಲಿ ತುಕ್ಕಿದ್ದರೆ ಬೇಡ ಅನ್ನಿ.