ಒಂದೇ ಮನೆ, ಮೂರು ಲಿಪಿ

ಹೈದರಾಬಾದಿನ ಪಶ್ಚಿಮ ಅಂಚಿನ ಲಿಂಗಂಪಲ್ಲಿಯಿಂದ ವಾಡಿಯ ಕಡೆಗೆ ಹೊರಟ ರೈಲು ಶಂಕರಪಲ್ಲಿ, ವಿಕಾರಾಬಾದ್, ತಾಂಡೂರು ದಾಟಿ ಕರ್ನಾಟಕದ ಸೇಡಂ ಸೇರುತ್ತದೆ. ಮುಂದಿನದು ಮಳಖೇಡ ರೋಡ್. ನೃಪತುಂಗನ ರಾಜಧಾನಿ ಮಾನ್ಯಖೇಟ ಇದೇ. ನಿಜಾಮರ ಕಾಲದಲ್ಲಿ, 1874ರಲ್ಲಿ, ಈ ಹಳಿ ತೆರೆದುಕೊಂಡಿತು. ಅಂದಿನಿಂದ ಕಲಬುರಗಿ ಸೀಮೆಯ ಮಕ್ಕಳು ಓದಿಗೆ, ನೌಕರಿಗೆ ಹೈದರಾಬಾದಿಗೆ ಹೋಗುತ್ತಲೇ ಇದ್ದಾರೆ. ಊರಲ್ಲಿ ಉಳಿದ ಆಯಿ, ಮುತ್ಯಾ ದಾರಿ ಕಾಯುತ್ತಲೇ ಇದ್ದಾರೆ.

ಇಂಥ ಮನೆಗಳಲ್ಲಿ ಇಂದು ಕೇಳುವ ಕೊರಗು ಒಂದೇ: ಲಿಂಗಂಪಲ್ಲಿಯ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಅಜ್ಜನ ಅಕ್ಷರ ಮೊಮ್ಮಗನಿಗೆ ತಿಳಿಯದಿರುವುದು ಈ ಸೀಮೆಗೆ ಹೊಸದೇನಲ್ಲ.

1948ರವರೆಗೆ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಮನೆಯ ಮಾತು ಕನ್ನಡ, ಕೈಬರಹ ಉರ್ದು ಎಂಬವರು ಆ ತಲೆಮಾರಿನಲ್ಲಿ ಅಪರೂಪವಲ್ಲ. ಊರಿಗೆ ಬಂದ ಕಾಗದವನ್ನು ಅಕ್ಷರ ಬಲ್ಲ ಮತ್ತೊಬ್ಬರು ಓದಿ ಹೇಳಬೇಕು. ತಾಯಿಯ ಉತ್ತರವನ್ನೂ ಅವರೇ ಬರೆಯಬೇಕು. ಮಗನಿಗೆ ಹೇಳಬೇಕೆಂದಿದ್ದ ಎಷ್ಟೋ ಮಾತು ಆ ಮೂರನೆಯವರ ಮುಂದೆ ಬಾಯಿಗೆ ಬರುತ್ತಿರಲಿಲ್ಲ.

1956ರ ನವೆಂಬರ್ 1ರಂದು ಗಡಿ ಬದಲಾಯಿತು. ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು, ಹೈದರಾಬಾದ್ ಆಂಧ್ರಪ್ರದೇಶಕ್ಕೆ ಹೋಯಿತು. ಮುಂದಿನ ತಲೆಮಾರು ಕನ್ನಡ ಶಾಲೆಯಲ್ಲಿ ಕಲಿಯಿತು. ಲಿಂಗಂಪಲ್ಲಿಯ ಸುತ್ತ 1960ರ ದಶಕದಲ್ಲಿ ರಾಮಚಂದ್ರಾಪುರದ ಬಿಎಚ್‌ಇಎಲ್ ಕಾರ್ಖಾನೆ, 1972ರಲ್ಲಿ ಪಟಾನ್‌ಚೆರುವಿನ ಇಕ್ರಿಸ್ಯಾಟ್, 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಬಂದವು. 1998ರ ನಂತರ ಹೈಟೆಕ್ ಸಿಟಿಯ ಕೆಲಸಗಳು. ಇಲ್ಲಿ ನೆಲೆಸಿದವರ ಮಕ್ಕಳು ಶಾಲೆಯಲ್ಲಿ ಕಲಿತದ್ದು ತೆಲುಗು, ಹಿಂದಿ, ಇಂಗ್ಲಿಷ್. ಕನ್ನಡ ಕಲಿಸುವ ನೃಪತುಂಗ ಶಾಲೆ ಇರುವುದು ನಗರದ ಇನ್ನೊಂದು ತುದಿಯ ಕಾಚಿಗುಡದಲ್ಲಿ. ಹೀಗೆ ಅಜ್ಜನಿಗೆ ಉರ್ದು, ಅಪ್ಪನಿಗೆ ಕನ್ನಡ, ಮಗನಿಗೆ ತೆಲುಗು. ಒಂದೇ ಮನೆಯಲ್ಲಿ ಮೂರು ಲಿಪಿ. ಆದರೂ ಸಂಬಂಧ ಕಡಿಯಲಿಲ್ಲ, ಏಕೆಂದರೆ ಅದನ್ನು ಕಟ್ಟಿಟ್ಟದ್ದು ಲಿಪಿಯಲ್ಲ, ಮಾತು.

ಆ ಮಾತಿಗೆ ಟೆಲಿಫೋನು ಮಾಡಿದ ಉಪಕಾರವನ್ನು ನಾವು ಮರೆಯುತ್ತೇವೆ. ಎಸ್‌ಟಿಡಿ ಬೂತುಗಳು ಬಂದಾಗ ಕಾಗದಗಳು ತೆಳುವಾದವು ನಿಜ. ಮೀಟರು ಓಡುತ್ತಿದ್ದರಿಂದ ಮಾತೂ ಅವಸರದ್ದೇ. ಆದರೆ ಓದುಬರಹ ಬಾರದ ಆಯಿ, ದೂರದ ಮೊಮ್ಮಗಳ ಜೊತೆ ನಡುವೆ ಯಾರೂ ಇಲ್ಲದೆ ಮಾತಾಡಿದ್ದು ಅದೇ ಮೊದಲು. ಆಮೇಲೆ ಮೊಬೈಲು ಬಂತು, ಒಳಬರುವ ಕರೆ ಉಚಿತವಾಯಿತು, ವಿಡಿಯೊದಲ್ಲಿ ಮುಖವೂ ಕಂಡಿತು. ‘ಊಟ ಆಯ್ತೇನ್? ಯಾವಾಗ ಬರ್ತಿ?’ ಎಂದು ದಿನವೂ ಕೇಳುವಂತಾಯಿತು.

ಈಗಿನ ಅಪಾಯ ಇರುವುದು ಈ ಎರಡನೆಯ ಪ್ರಶ್ನೆಯ ಉತ್ತರದಲ್ಲಿ. ಮಗು ಹಿಂದಿಯಲ್ಲಿ ಉತ್ತರಿಸುತ್ತದೆ. ಕಲಬುರಗಿಯ ಪೇಟೆಯಲ್ಲಿ ದಖ್ಖನಿ ಕೇಳುತ್ತ ಬೆಳೆದ ಆಯಿಗೆ ಅದು ಅರ್ಥವಾಗುತ್ತದೆ. ಮಗುವಿಗೆ ಕಷ್ಟವಾಗಬಾರದೆಂದು ಆಕೆಯೂ ಹಿಂದಿಗೆ ಹೊರಳುತ್ತಾಳೆ. ಹಲವು ಭಾಷೆ ಬಲ್ಲ ಈ ಸೀಮೆಯ ದೊಡ್ಡ ಗುಣವೇ ಇಲ್ಲಿ ಕನ್ನಡಕ್ಕೆ ಮುಳುವಾಗುತ್ತದೆ. ಮಗುವಿನ ತಪ್ಪಲ್ಲ, ಆಯಿಯ ತಪ್ಪೂ ಅಲ್ಲ. ಹತ್ತು ನಿಮಿಷದ ಕರೆಯಲ್ಲಿ ಇಬ್ಬರಿಗೂ ಬೇಕಾದದ್ದು ಪ್ರೀತಿ, ಪಾಠವಲ್ಲ.

ಹಿಂದಿನ ಮೊಮ್ಮಕ್ಕಳು ಮಾತು ಕಲಿತದ್ದು ಕಾಗದದಿಂದಲೂ ಅಲ್ಲ, ಫೋನಿನಿಂದಲೂ ಅಲ್ಲ. ಬೇಸಿಗೆ ರಜೆಯಲ್ಲಿ ಇದೇ ಹಳಿಯ ಮೇಲೆ ಊರಿಗೆ ಹೋಗಿ, ಓಣಿಯ ಹುಡುಗರ ಜೊತೆ ಜಗಳವಾಡಿ ಕಲಿತರು. ಆಯಿ ಭಾಷೆ ಬದಲಿಸಿಕೊಂಡಾಳು, ಜಗಳಕ್ಕೆ ನಿಂತ ಹುಡುಗರು ಬದಲಿಸುವುದಿಲ್ಲ. ಕಲಬುರಗಿ ಇಂದಿಗೂ ಇರುವುದು ಸುಮಾರು ಇನ್ನೂರು ಕಿಲೋಮೀಟರಿನಾಚೆ, ಅರ್ಧ ದಿನದ ಹಾದಿ. ದಿನವೂ ಮುಖ ಕಾಣುತ್ತದಲ್ಲ ಎಂದು ಆ ಪಯಣವನ್ನು ಮುಂದೂಡುವುದೇ ಈಗಿನ ನಿಜವಾದ ದೂರ.