ಧ್ರುವಪ್ರಭೆಯೂ ಉಪಗ್ರಹಗಳ ಸಾಕ್ಷ್ಯವೂ

ಧ್ರುವಪ್ರದೇಶಗಳ ಇರುಳಿನಲ್ಲಿ ಹಸಿರು, ಕೆಂಪು ತೆರೆಗಳಂತೆ ಆಗಸದಲ್ಲಿ ತೂಗಾಡುವ ಬೆಳಕಿಗೆ ಧ್ರುವಪ್ರಭೆಯೆಂದು ಹೆಸರು. ಇದರ ಮೂಲವು ಸೂರ್ಯನಿಂದ ಹೊರಡುವ ವಿದ್ಯುತ್ಕಣಗಳಲ್ಲಿದೆಯೆಂದು ಪ್ರಯೋಗದ ಬಲದಿಂದ ವಾದಿಸಿದವರಲ್ಲಿ ನಾರ್ವೆ ದೇಶದ ಕ್ರಿಸ್ಟಿಯನ್ ಬಿರ್ಕೆಲಾಂಡ್ ಅವರು ಅಗ್ರಗಣ್ಯರು. ನಿರ್ವಾತ ಪೆಟ್ಟಿಗೆಯೊಳಗೆ ಭೂಮಿಯ ಪ್ರತಿರೂಪವಾಗಿ ಕಾಂತಗೋಲವೊಂದನ್ನಿರಿಸಿ, ಅದರತ್ತ ಎಲೆಕ್ಟ್ರಾನುಗಳ ಧಾರೆಯನ್ನು ಹಾಯಿಸಿದಾಗ, ಗೋಲದ ಎರಡು ಧ್ರುವಗಳ ಸುತ್ತಲೂ ಬೆಳಕಿನ ಬಳೆಗಳು ಮೂಡಿದುವು. 1902-03ರಲ್ಲಿ ಹಿಮನಾಡಿನ ನಾಲ್ಕು ಕಡೆ ವೀಕ್ಷಣಾಕೇಂದ್ರಗಳನ್ನು ನಡೆಸಿ, ಕಾಂತಸೂಜಿಯ ಚಲನೆಗಳನ್ನು ದಾಖಲಿಸಿ, ಭೂಮಿಯ ಕಾಂತರೇಖೆಗಳ ಗುಂಟ ವಿದ್ಯುತ್ಪ್ರವಾಹವು ಮೇಲಿನಿಂದ ಇಳಿದು ಮತ್ತೆ ಮೇಲೇರುವುದೆಂಬ ನಿರ್ಣಯಕ್ಕೆ ಅವರು ಬಂದರು.

1917ರಲ್ಲಿ ಟೋಕಿಯೋ ನಗರದಲ್ಲಿ ಅವರು ತೀರಿಕೊಂಡಾಗ ಈ ಮತಕ್ಕೆ ಮನ್ನಣೆ ದೊರೆತಿರಲಿಲ್ಲ. ಪ್ರವಾಹವು ಮೇಲ್ವಾತಾವರಣದ ಪದರದಲ್ಲಿಯೇ ಸುತ್ತುವುದೆಂಬ ಸಿಡ್ನಿ ಚಾಪ್ಮನ್ ಅವರ ವಾದವೇ ಮುಂದೆ ಪ್ರಬಲವಾಯಿತು. ವಿವಾದವು ಅರ್ಧ ಶತಮಾನ ಉಳಿದುದಕ್ಕೆ ಪಂಡಿತರ ಹಠವೊಂದೇ ಕಾರಣವಲ್ಲ. ನೆಲದ ಮೇಲಿನ ಕಾಂತಮಾಪನದಿಂದ ಮಾತ್ರ ಈ ಎರಡು ಮತಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ಬಾರದು. ಪ್ರಭೆಯ ಮೇಲೆಯೇ ಹಾಯ್ದುಹೋಗಬಲ್ಲ ಸಾಧನ ಬೇಕಾಗಿತ್ತು. ಸುಮಾರು 1100 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿದ್ದ ಅಮೆರಿಕದ ಉಪಗ್ರಹವೊಂದು ಪ್ರಭಾವಲಯವನ್ನು ದಾಟುವಾಗ ಕಾಂತಕ್ಷೇತ್ರದಲ್ಲಿ ಏರುಪೇರುಗಳನ್ನು ಕಂಡುದು 1966ರಲ್ಲಿ ಪ್ರಕಟವಾಯಿತು. ಮುಂದಿನ ದಶಕದಲ್ಲಿ ಟ್ರಯಾಡ್ ಉಪಗ್ರಹದ ಅಳತೆಗಳು ಸಂಶಯವನ್ನು ನೀಗಿದುವು. ಆ ಪ್ರವಾಹಗಳಿಗೆ ಇಂದು ಬಿರ್ಕೆಲಾಂಡರ ಹೆಸರೇ ಇದೆ. ಅದನ್ನು ಕೇಳಲು ಅವರಿರಲಿಲ್ಲ.

ಇಷ್ಟಕ್ಕೆ ವಿಷಯ ಮುಗಿಯಲಿಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತದ ಹವ್ಯಾಸಿ ಛಾಯಾಗ್ರಾಹಕರು, ವಾಡಿಕೆಯ ಪ್ರಭೆಗಿಂತ ದಕ್ಷಿಣಕ್ಕೆ, ಪೂರ್ವಪಶ್ಚಿಮವಾಗಿ ಚಾಚಿದ ನೇರಿಳೆ ಬಣ್ಣದ ಕಿರಿದಾದ ಪಟ್ಟಿಯೊಂದನ್ನು ಸೆರೆಹಿಡಿದು, ಅರಿಯದ ಆ ವಸ್ತುವಿಗೆ ವಿನೋದದಿಂದ ‘ಸ್ಟೀವ್’ ಎಂದು ಹೆಸರಿಟ್ಟರು. ವಿದ್ವಾಂಸರೂ ಆ ಹೆಸರನ್ನೇ ಉಳಿಸಿಕೊಂಡುದು ಅವರ ಸೌಜನ್ಯ. 2013ರಲ್ಲಿ ಹಾರಿಸಲಾದ ಯುರೋಪಿನ ಸ್ವಾರ್ಮ್ ಉಪಗ್ರಹಗಳಲ್ಲೊಂದು ಇಂಥ ಪಟ್ಟಿಯನ್ನು ಹಾಯ್ದಾಗ, ಸುಮಾರು 25 ಕಿಲೋಮೀಟರು ಅಗಲದಲ್ಲಿ ವಿದ್ಯುದಾವಿಷ್ಟ ಅನಿಲವು ಸೆಕೆಂಡಿಗೆ ಸುಮಾರು 6 ಕಿಲೋಮೀಟರು ವೇಗದಿಂದ ಪಶ್ಚಿಮಕ್ಕೆ ಹರಿಯುತ್ತಿತ್ತು. ತಾಪವು 3000 ಡಿಗ್ರಿಯಷ್ಟು ಏರಿತ್ತು. ಅಲ್ಲಿಯೂ ಕಣಗಳು ಬೀಳುತ್ತಿರಬೇಕೆಂದು ಭಾವಿಸುವುದು ಸಹಜವೇ. ಆದರೆ 2008ರ ಮಾರ್ಚ್ 28ರಂದು ಇಂಥದೇ ಪಟ್ಟಿಯ ಮೇಲೆ ಹಾದಿದ್ದ ಉಪಗ್ರಹದ ದಾಖಲೆಯನ್ನು 2018ರಲ್ಲಿ ಪರಿಶೀಲಿಸಿದಾಗ, ಅದನ್ನು ಬೆಳಗಿಸುವ ಕಣವರ್ಷದ ಸುಳಿವೇ ಸಿಕ್ಕಲಿಲ್ಲ. ಬಿರ್ಕೆಲಾಂಡರ ಕಾರಣವು ಧ್ರುವಪ್ರಭೆಗೆ ಸಲ್ಲುತ್ತದೆ. ಈ ನೇರಿಳೆ ಪಟ್ಟಿಯನ್ನು ಧ್ರುವಪ್ರಭೆಯೆನ್ನಬೇಕೇ ಎಂಬುದೇ ಈಗಿನ ಚರ್ಚೆ. ಅದರ ಕೆಳಗೆ ಕೆಲವೊಮ್ಮೆ ಬೇಲಿಯ ಗೂಟಗಳಂತೆ ಕಾಣುವ ಹಸಿರು ಗೆರೆಗಳು ಕಣಗಳಿಂದಲೇ ಉಂಟಾಗುವುವೆಂದು ಕೆಲವರೂ, ಅಲ್ಲವೆಂದು ಕೆಲವರೂ ವಾದಿಸುತ್ತಿದ್ದಾರೆ.